ಹೊಸಬರಿಗೆ ಯೋಗ್ಯವಾದ ದೇಶ

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಸರಾಸರಿಯವರು ಬಾಯಿ ತುಂಬ ನೊರೆ ಮಾಡಿಕೊಂಡು ಹಲ್ಲುಜ್ಜುತ್ತಿದ್ದಾಗ ಮಗಳು ಬಚ್ಚಲುಮನೆಯ ಬಾಗಿಲಿಗೆ ಬಂದು ನಿಂತು, “ಅಪ್ಪ, ಸಾಯಂಕಾಲ ಒಂದು ದೇಶ ಆಳ್ತೀಯಾ?” ಎಂದು ಕೇಳಿದಳು.

ಸರಾಸರಿಯವರು ನೊರೆಯನ್ನು ನುಂಗಿಬಿಟ್ಟರು.

ಪ್ರಶ್ನೆ ವಿಚಿತ್ರವಾಗಿತ್ತು ಎಂದಲ್ಲ, ಪ್ರಶ್ನೆ ಬಂತಲ್ಲ ಎಂದು. ಕಾಲೇಜು ಸೇರಿದ ಮೇಲೆ ಮಗಳು ಅಪ್ಪನ ಜೊತೆ ಆಡುವ ಮಾತು ಬೇಸಿಗೆಯ ನಲ್ಲಿಯಂತೆ ಸಣ್ಣಗಾಗುತ್ತ ಬಂದು, ಈಗ ‘ಚಾರ್ಜರ್ ಎಲ್ಲಿ?’, ‘ಗೊತ್ತಿಲ್ಲ’, ‘ಬಾಗಿಲು ಹಾಕ್ಕೋ’ ಇಷ್ಟರಲ್ಲಿ ನಿಂತಿತ್ತು. ಒಂದು ವಾರದ ಮಾತನ್ನೆಲ್ಲ ಸೇರಿಸಿದರೂ ಬಸ್ಸಿನ ಟಿಕೇಟಿನ ಹಿಂಭಾಗದಲ್ಲಿ ಬರೆದುಕೊಳ್ಳಬಹುದಿತ್ತು.

“ಆಟ ಕಣಪ್ಪ,” ಎಂದಳು ಮಗಳು. “ನಮ್ಮ ಕಾಲೇಜಿನ ಹಿಸ್ಟರಿ ಕ್ಲಬ್ಬಿಂದು. ಸಾವಿರದ ನಾನೂರೈವತ್ತನೇ ಇಸವಿ. ಒಬ್ಬೊಬ್ರು ಒಂದೊಂದು ದೇಶ ತಗೊಂಡು ಆಳೋದು. ಹೊಸಬರ ಮೇಜು ನಡೆಸೋಳು ನಾನೇ. ಐದು ಜನ ಬೇಕು, ಇಬ್ರು ಕೈಕೊಟ್ರು. ಈ ಸಲ ಐದು ಜನ ಆಗ್ಲಿಲ್ಲ ಅಂದ್ರೆ ನನ್ನ ಮೇಜೇ ಮುಚ್ಚಿಬಿಡ್ತಾರೆ.”

“ನಂಗೇನೂ ಬರಲ್ವಲ್ಲೇ.”

“ಬರಲ್ಲ ಅಂತಾನೇ ಕರೀತಿರೋದು. ಹೊಸಬರ ಮೇಜು ಅಂದ್ನಲ್ಲ.” ಅವಳು ಎಂಬತ್ತನಾಲ್ಕು ಪುಟದ ನಿಯಮಗಳ ಪುಸ್ತಕವನ್ನು ಅವರ ಒದ್ದೆ ಕೈಗೆ ತುರುಕಿದಳು. “ಏಳು ದೇಶ ಇವೆ. ಒಂದನ್ನ ಆರಿಸಿ ಚೀಟಿಯಲ್ಲಿ ಬರೆದಿಟ್ಕೋ. ಆರು ಗಂಟೆಗೆ ನಮ್ಮನೇಲೇ ಎಲ್ರೂ ಚೀಟಿ ಬಿಚ್ಚೋದು. ಆಮೇಲೆ ಬದಲಾಯಿಸೋ ಹಾಗಿಲ್ಲ. ನನ್ನ ಕೇಳ್ಬೇಡ, ನಾನೂ ಆಡ್ತೀನಿ. ಹೊಸಬರಿಗೆ ಸುಲಭ ಆಗೋ ದೇಶ ನೋಡ್ಕೋ ಅಷ್ಟೇ. ಅರ್ಧ ಗಂಟೇಲಿ ಸೋತು ಎದ್ದು ಹೋಗ್ಬೇಡ.”

ಇಷ್ಟು ಮಾತನ್ನು ಅವಳು ಒಂದೇ ಉಸಿರಿಗೆ ಆಡಿ ಎಷ್ಟು ತಿಂಗಳಾಗಿತ್ತೋ. ಸರಾಸರಿಯವರಿಗೆ ದೇಶವಲ್ಲ, ಖಂಡವನ್ನೇ ಆಳಿಬಿಡುವ ಹುರುಪು ಬಂತು.

“ಇನ್ನೊಬ್ರು ಯಾರು? ಇಬ್ರು ಬೇಕು ಅಂದ್ಯಲ್ಲ.”

“ಗಾರ್ಡ್ ಅಂಕಲ್,” ಎಂದು ಹೇಳಿ ಮಗಳು ಹೊರಟುಹೋದಳು.

ಹುರುಪು ಅಲ್ಲಿಗೇ ಅರ್ಧ ಇಳಿಯಿತು. ಗಾರ್ಡ್ ಎಂದರೆ ಮೇಲಿನ ಮನೆಯವರು. ಮೂವತ್ತೈದು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿ ನಿವೃತ್ತರಾದವರು. ನಿಲ್ದಾಣದ ಮೈಕಿನವಳ ದನಿ, ಇಂಜಿನ್ನಿನ ದನಿ, ರೈಲು ತಪ್ಪಿಸಿಕೊಂಡ ಪ್ರಯಾಣಿಕನ ದನಿ, ಎಲ್ಲವನ್ನೂ ಒಂದೇ ಗಂಟಲಲ್ಲಿ ತೆಗೆಯುತ್ತಿದ್ದರು. ಹೋದ ವಾರ ಮಗಳು ಅವರ ಜೊತೆ ಮೆಟ್ಟಿಲ ಮೇಲೆ ನಿಂತು ಇಪ್ಪತ್ತೆರಡು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇಪ್ಪತ್ತೆರಡು ಎಂಬುದು ಅಂದಾಜಲ್ಲ. ಸರಾಸರಿಯವರು ಬಾಗಿಲ ಹಿಂದೆ ನಿಂತು ಗಡಿಯಾರ ನೋಡಿದ್ದರು.

ಅವರ ಸ್ವಭಾವವೇ ಹಾಗೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವರು ರಸಾಯನಶಾಸ್ತ್ರದ ಕೆಲಸ ಮಾಡುತ್ತಿದ್ದರು. ಯಾವುದನ್ನೂ ಒಂದು ಸಲ ಅಳೆದು ನಂಬಿದವರಲ್ಲ. ಮೂರು ಸಲ ಅಳೆದು, ಕೂಡಿಸಿ, ಮೂರರಿಂದ ಭಾಗಿಸಿದ ಮೇಲೇ ಸಮಾಧಾನ. ಪ್ರಯೋಗಾಲಯದಲ್ಲಿ ಇದು ಒಳ್ಳೆಯ ಗುಣ. ಚಪ್ಪಲಿ ಅಂಗಡಿಯಲ್ಲಿ ಅಲ್ಲ. ಸಹೋದ್ಯೋಗಿಗಳು ಇಟ್ಟ ‘ಸರಾಸರಿ’ ಎಂಬ ಹೆಸರು ಮೊದಮೊದಲು ಬೆನ್ನ ಹಿಂದೆ ಓಡಾಡುತ್ತಿತ್ತು; ಈಗ ಎದುರಿಗೇ ಬಂದು ಕುರ್ಚಿ ಎಳೆದುಕೊಂಡು ಕೂತಿತ್ತು.

ಕೆಲಸಕ್ಕೆ ಹೊರಟಾಗ ಮೆಟ್ಟಿಲ ಬುಡದಲ್ಲೇ ಗಾರ್ಡ್ ಸಿಕ್ಕರು. “ಏನ್ ಸ್ವಾಮಿ, ಮಹಾರಾಜರ ಸವಾರಿ ಹೊರಟಿತೋ? ಯಾವ ದೇಶ?”

“ಇನ್ನೂ ನೋಡಿಲ್ಲ ಸಾರ್.”

“ನೋಡಿ ನೋಡಿ. ನಿಮ್ಮಂಥ ಓದಿದವರ ಎದುರು ನಮ್ಮದೇನು ನಡೆಯುತ್ತೆ? ಆಮೇಲೆ ಫೋನ್ ಮಾಡ್ತೀನಿ, ನಂಗೂ ಒಂದು ಹೇಳಿ,” ಎಂದು ಗಾರ್ಡ್ ಬಾಯಲ್ಲೇ ಸೀಟಿ ಊದಿ, ಇಲ್ಲದ ಬಾವುಟ ಬೀಸಿ ಕಳಿಸಿಕೊಟ್ಟರು.

ಪ್ರಯೋಗಾಲಯ ಉದ್ದನೆಯ ಒಂದು ಕೋಣೆ. ಒಂದು ಬದಿಗೆ ಸಾಲಾಗಿ ತೊಟ್ಟಿ, ನಲ್ಲಿ. ಇನ್ನೊಂದು ಬದಿಗೆ ಬಾಟಲಿಗಳ ಕಪಾಟು. ನಡುವೆ ಕಲ್ಲಿನ ಮೇಜು. ಊರಿನ ಟ್ಯಾಂಕುಗಳಿಂದ ಬಂದ ಪ್ರತಿ ಬಾಟಲಿಗೂ ಸುರುಳಿಯಿಂದ ಒಂದು ಹಳದಿ ಚೀಟಿ ಕಿತ್ತು ಅಂಟಿಸುತ್ತಿದ್ದರು. ಚೀಟಿಯ ಮೇಲೆ ಸಂಖ್ಯೆ ಮಾತ್ರ. ಯಾವ ಟ್ಯಾಂಕಿನ ನೀರು ಎಂದು ಪರೀಕ್ಷೆ ಮಾಡುವವರಿಗೆ ಗೊತ್ತಾಗಬಾರದು, ಗೊತ್ತಾದರೆ ಮನಸ್ಸು ಒಂದು ಕಡೆ ವಾಲುತ್ತದೆ ಎಂಬುದು ಅಲ್ಲಿನ ಪದ್ಧತಿ.

ಹನ್ನೊಂದು ಗಂಟೆಗೆ ಬೆಳಗಿನ ಬಾಟಲಿಗಳು ಮುಗಿದವು. ಸರಾಸರಿಯವರು ಪುಸ್ತಕ ತೆಗೆದದ್ದೇ ತಡ, ಬೆನ್ನ ಹಿಂದೆ ಬ್ಯಾಕ್ಟೀರಿಯಾ ಮೇಡಂ ಬಂದು ನಿಂತರು. ಪಕ್ಕದ ಮೇಜಿನಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಎಣಿಸುವುದು ಅವರ ಕೆಲಸ. ಉಳಿದ ಸಮಯದಲ್ಲಿ ಬೇರೆಯವರ ವಿಷಯ ಬೆಳೆಸುವುದು.

“ಏನದು, ಭೂಪಟ? ಟ್ರಾನ್ಸ್‌ಫರ್ ಆಯ್ತೇನ್ರೀ?”

ಸರಾಸರಿಯವರು ವಿಷಯ ಹೇಳಬೇಕಾಯಿತು. ಹೇಳಿದ್ದು ಒಬ್ಬರಿಗೆ, ಐದು ನಿಮಿಷದಲ್ಲಿ ಬಾಟಲಿ ತರುವ ಜೀಪಿನ ಡ್ರೈವರ್ ಕೂಡ ಬಂದು ಮೇಜಿನ ತುದಿಗೆ ಒರಗಿಕೊಂಡಿದ್ದ.

“ಆಟೊಮನ್ ತಗೊಳ್ಳಿ, ಕಣ್ಣು ಮುಚ್ಕೊಂಡು,” ಎಂದರು ಮೇಡಂ ಭೂಪಟದ ಹಸಿರು ಭಾಗಕ್ಕೆ ಬೆರಳಿಟ್ಟು. “ಸುತ್ತ ಹಬ್ಬೋಕೆ ಎಷ್ಟು ಜಾಗ ನೋಡಿ. ಬೆಚ್ಚಗೆ ಇಟ್ಟು ಎರಡು ದಿನ ಬಿಟ್ರೆ ತಟ್ಟೆ ತುಂಬ ಹರಡ್ಕೊಳ್ಳುತ್ತೆ.”

“ಮೇಡಂ, ಅದು ದೇಶ. ನಿಮ್ಮ ಬ್ಯಾಕ್ಟೀರಿಯಾ ಅಲ್ಲ.”

“ಎರಡಕ್ಕೂ ಏನ್ರೀ ವ್ಯತ್ಯಾಸ?”

ಡ್ರೈವರ್ ತಲೆ ಅಲ್ಲಾಡಿಸಿದ. “ಫ್ರಾನ್ಸ್ ತಗೊಳ್ಳಿ ಸಾರ್. ಎತ್ತ ಹೋಗೋಕೂ ದಾರಿ ಇದೆ. ಒಂದ್ ಕಡೆ ಟ್ರಾಫಿಕ್ ಆದ್ರೆ ಇನ್ನೊಂದ್ ಕಡೆ ಹೊಡ್ಕೊಂಡು ಹೋಗ್ಬಹುದು.”

“ಎತ್ತ ಹೋಗೋಕೂ ದಾರಿ ಇದೆ ಅಂದ್ರೆ ಎತ್ತಲಿಂದ ಬರೋಕೂ ದಾರಿ ಇದೆ ಕಣಯ್ಯ,” ಎಂದರು ಮೇಡಂ.

“ನಿಮ್ಮ ಆಟೊಮನ್‌ಗೇನು ರಿವರ್ಸ್ ಗೇರೇ ಇಲ್ಲ ಅನ್ನಿಸುತ್ತೆ.”

ದನಿ ಏರಿತು. ಇಬ್ಬರೂ ತಮ್ಮ ತಮ್ಮ ಸೈನ್ಯ ತೆಗೆದುಕೊಂಡು ಕಲ್ಲು ಮೇಜಿನ ಮೇಲೆ ಯುದ್ಧಕ್ಕೆ ನಿಂತರು. ಸರಾಸರಿಯವರಿಗೆ ಇಂಥ ಗದ್ದಲಕ್ಕೆ ಗೊತ್ತಿದ್ದ ಮದ್ದು ಒಂದೇ. “ನಿಲ್ಲಿ,” ಎಂದರು. “ಜಗಳ ಬೇಡ. ಅಳೆಯೋಣ.”

ಅವರು ಏಳು ಹಾಳೆಗಳಲ್ಲಿ ಏಳು ದೇಶಗಳ ಸ್ಥಿತಿಯನ್ನು ಹೆಸರಿಲ್ಲದೆ ಬರೆದರು: ನೆರೆಯವರು ಎಷ್ಟು, ಸಮುದ್ರ ಎಷ್ಟು, ಧಾನ್ಯ ಎಷ್ಟು, ಸೈನ್ಯ ಎಷ್ಟು. ಮನಸ್ಸು ವಾಲಬಾರದಲ್ಲ, ಸುರುಳಿಯಿಂದ ಏಳು ಹಳದಿ ಚೀಟಿ ಕಿತ್ತು ಒಂದೊಂದಕ್ಕೆ ಅಂಟಿಸಿದರು. ಇನ್ನೂರ ಹನ್ನೊಂದರಿಂದ ಇನ್ನೂರ ಹದಿನೇಳರವರೆಗೆ. ಯಾವ ಸಂಖ್ಯೆ ಯಾವ ದೇಶ ಎಂಬುದು ಅವರ ಜೇಬಿನ ಪುಸ್ತಕದಲ್ಲಿ ಮಾತ್ರ. ಮೂವರೂ ಪ್ರತಿ ಹಾಳೆಗೆ ಹತ್ತರಲ್ಲಿ ಅಂಕ ಕೊಡಬೇಕು, ಅವರು ಸರಾಸರಿ ತೆಗೆಯಬೇಕು.

ಪ್ರಯೋಗ ಶಾಂತವಾಗಿ ನಡೆಯಿತು ಎನ್ನುವಂತಿಲ್ಲ. “ಇದು ಸುತ್ತ ಸಮುದ್ರ ಇರೋದು. ಇಂಗ್ಲೆಂಡ್ ತಾನೇ?” ಎಂದು ಡ್ರೈವರ್ ಕೇಳುತ್ತಲೇ ಇದ್ದ. “ಗೊತ್ತಿಲ್ಲ ಅಂದ್ಕೊಂಡು ಕೊಡಯ್ಯ,” ಎಂದು ಸರಾಸರಿಯವರು ಬೇಡಿಕೊಳ್ಳುತ್ತಲೇ ಇದ್ದರು. ನಡುವೆ ಗಾರ್ಡ್ ಒಮ್ಮೆ ಫೋನ್ ಮಾಡಿ, “ಸಿಗ್ನಲ್ ಬಿತ್ತಾ ಸ್ವಾಮಿ?” ಎಂದು ಕೇಳಿ, ಇಲ್ಲವೆಂದಾಗ ಇಂಜಿನ್ನಿನ ದನಿ ತೆಗೆದು ಫೋನಿಟ್ಟರು.

ಒಂದು ಗಂಟೆಗೆ ಉತ್ತರ ಸಿಕ್ಕಿತು. ಇನ್ನೂರ ಹದಿನಾಲ್ಕು. ಒಂಬತ್ತು, ಎಂಟು, ಒಂಬತ್ತು. ಸರಾಸರಿ ಎಂಟು ಬಿಂದು ಆರು ಏಳು. ಜೇಬಿನ ಪುಸ್ತಕ ತೆಗೆದು ನೋಡಿದರೆ ಪೋರ್ಚುಗಲ್.

ಸರಾಸರಿಯವರು ಭೂಪಟದಲ್ಲಿ ಆ ದೇಶವನ್ನು ನೋಡಿದರು. ನೋಡುತ್ತಿದ್ದಂತೆ ಪ್ರೀತಿ ಹುಟ್ಟಿತು. ಅತ್ತ ಮೂಲೆಯಲ್ಲಿ, ಯಾರ ತಂಟೆಗೂ ಹೋಗದೆ, ಸಮುದ್ರಕ್ಕೆ ಮುಖ ಮಾಡಿ ಕೂತ ದೇಶ. ಎರಡು ಕಡೆ ನೀರು. ನೆಲದ ಮೇಲೆ ಒಬ್ಬನೇ ನೆರೆಯವನು, ಕ್ಯಾಸ್ಟೈಲ್. ಅವನಿಗೂ ಬೇರೆ ಕಡೆ ಕೆಲಸವಿದೆ. ಒಂದೇ ಒಂದು ನೆರೆಮನೆ! ತಮ್ಮ ಜೀವನದಲ್ಲಿ ಇಲ್ಲದ್ದು ಒಂದು ದೇಶಕ್ಕೆ ಸಿಕ್ಕಿದ್ದನ್ನು ಕಂಡು ಅವರ ಕಣ್ಣು ತೇವವಾಯಿತು.

ಪಟ್ಟಿಯ ಬುಡದಲ್ಲಿ ಇನ್ನೂರ ಹದಿನೇಳು ಬಿದ್ದಿತ್ತು. ಒಂದು, ಒಂದು, ಎರಡು. ಆ ಎರಡನ್ನು ಕೊಟ್ಟವನು ಡ್ರೈವರ್: “ಒಂದೇ ಊರಲ್ವಾ ಸಾರ್, ಡೀಸೆಲ್ ಉಳಿಯುತ್ತೆ.” ಅದು ಬೈಜಾಂಟಿಯಂ. ಆಟದ ಹಲಗೆಯ ಮೇಲೆ ಅದಕ್ಕಿದ್ದದ್ದು ಒಂದು ಊರು, ಒಂದು ಗೋಡೆ, ಮತ್ತು ಗೋಡೆಯ ಆಚೆ ಎಲ್ಲ ಕಡೆ ಆಟೊಮನ್.

ಸರಾಸರಿಯವರು ಫಲಿತಾಂಶವನ್ನು ಚೆನ್ನಾಗಿ ಬರೆದುಕೊಳ್ಳೋಣವೆಂದು ಕೈಗೆ ಸಿಕ್ಕ ಗೆರೆಯ ಕಾಗದ ಎಳೆದುಕೊಂಡರು. ಅದು ಪ್ರಯೋಗಾಲಯದ ವರದಿ ನಮೂನೆ. ಸಂಖ್ಯೆಯ ಕಾಲಮ್ಮಿನಲ್ಲಿ ಸಂಖ್ಯೆ, ಷರಾ ಎಂಬಲ್ಲಿ ಷರಾ. ಬರೆದ ಕಾಗದವನ್ನು ಒಣಗಲು ಬಿಟ್ಟು ಊಟದ ಡಬ್ಬಿ ತೊಳೆಯಲು ಹೋದರು. ಮೇಜಿನ ಮೇಲೆ ಇವತ್ತಿನ ಸಂಖ್ಯೆಗಳಿರುವ ವರದಿಯೊಂದು ಅನಾಥವಾಗಿ ಬಿದ್ದಿರುವುದನ್ನು ಕಂಡ ಡ್ರೈವರ್, ಸಾರ್ ಮರೆತಿರಬೇಕು ಎಂದು ಕನಿಕರಪಟ್ಟು, ಉಳಿದ ವರದಿಗಳ ಜೊತೆ ಸೇರಿಸಿ ಮುಖ್ಯಸ್ಥೆಯ ಮೇಜಿಗೆ ಮುಟ್ಟಿಸಿದ.

ಮೂರು ಗಂಟೆಗೆ ಕರೆ ಬಂತು.

ಮುಖ್ಯಸ್ಥೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಅದು ಅಲ್ಲಿಗೆ ಇಳಿದರೆ ಕೆಳಗಿನವರ ಎದೆ ಬಡಿತ ಏರುತ್ತಿತ್ತು.

“ಏನ್ರೀ ಇದು? ‘ಇನ್ನೂರ ಹನ್ನೆರಡು. ಬಹಳ ಬೇಗ ಹಬ್ಬುತ್ತದೆ. ತಡೆಯುವುದು ಕಷ್ಟ.’ ಏನು ಹಬ್ಬುತ್ತೆ?”

ಸರಾಸರಿಯವರು ಕಾಗದ ಹಿಡಿಯಲು ಕೈ ಚಾಚಿದರು. “ಮೇಡಂ, ಅದು…”

“‘ಇನ್ನೂರ ಹದಿನಾಲ್ಕು. ಶಾಂತವಾಗಿದೆ. ಸೈನಿಕರು ಹನ್ನೆರಡು ಸಾವಿರ.’ ಸೈನಿಕರು ಅಂದ್ರೆ ಯಾವ ಜೀವಿ ಇದು? ಲೀಟರಿಗೆ ಹನ್ನೆರಡು ಸಾವಿರಾನಾ? ‘ಹೊಸಬರಿಗೆ ಯೋಗ್ಯ.’ ಹಳಬರು ಕುಡಿದ್ರೆ ಏನಾಗುತ್ತೆ?”

“ಅದು ಕುಡಿಯೋದಲ್ಲ ಮೇಡಂ.”

“ಈ ಇನ್ನೂರ ಹದಿನೇಳು! ‘ನಾಲ್ಕೂ ಕಡೆಯಿಂದ ಸುತ್ತುವರಿದಿದೆ. ಮೂರು ವರ್ಷದೊಳಗೆ ಎಲ್ಲ ಮುಗಿಯುತ್ತದೆ. ಯಾರಿಗೂ ಕೊಡಬಾರದು.’ ಯಾವ ಬಡಾವಣೆಯ ಟ್ಯಾಂಕ್ ಇದು? ಮೂರು ವರ್ಷ ಯಾಕೆ ಕಾಯ್ಬೇಕು? ನೀರು ಸರಬರಾಜು ಇಂಜಿನಿಯರ್‌ಗೆ ಆಗಲೇ ಫೋನ್ ಮಾಡಿದೀನಿ. ಎರಡೂ ಟ್ಯಾಂಕಿನ ವಾಲ್ವ್ ಮುಚ್ಚಿಸ್ತಿದಾರೆ.”

ಆ ಕ್ಷಣಕ್ಕೆ ಫೋನು ಬಡಿದುಕೊಂಡಿತು. ಇಂಜಿನಿಯರು. ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಇನ್ನೂರ ಹದಿನೇಳು ಸಂಖ್ಯೆಯ ಟ್ಯಾಂಕು ಅವರ ದಾಖಲೆಯಲ್ಲೇ ಇಲ್ಲವಂತೆ. ಇಬ್ಬರನ್ನು ಏಣಿ ಕೊಟ್ಟು ಹುಡುಕಲು ಕಳಿಸಿದ್ದಾರಂತೆ. ಒಬ್ಬ ಯಾವುದೋ ಟ್ಯಾಂಕು ಹತ್ತಿದ್ದಾನೆ, ಅದು ಆಸ್ಪತ್ರೆಯದ್ದಾ ಶಾಲೆಯದ್ದಾ ಗೊತ್ತಾಗುತ್ತಿಲ್ಲ, ಮುಚ್ಚಲೋ ಬೇಡವೋ?

“ಮುಚ್ಬೇಡಿ ಅನ್ನಿ!” ಸರಾಸರಿಯವರು ಕೂಗಿದರು. “ಅದು ಟ್ಯಾಂಕ್ ಅಲ್ಲ ಮೇಡಂ! ಅದು ಬೈಜಾಂಟಿಯಂ!”

ಬಾಗಿಲ ಸಂದಿನಲ್ಲಿ ಬ್ಯಾಕ್ಟೀರಿಯಾ ಮೇಡಂ ಮತ್ತು ಡ್ರೈವರ್ ಒಂದರ ಮೇಲೊಂದು ಇಟ್ಟ ಬೀಕರುಗಳಂತೆ ಕಂಡರು. ಸರಾಸರಿಯವರು ಎಲ್ಲವನ್ನೂ ಹೇಳಿದರು: ಮಗಳು, ಮೇಜು, ಆರು ಗಂಟೆ, ಹಳದಿ ಚೀಟಿ. ಮುಖ್ಯಸ್ಥೆ ಇಂಜಿನಿಯರಿಗೆ ‘ಒಂದು ಸಣ್ಣ ತಾಂತ್ರಿಕ ದೋಷ’ ಎಂದು ಹೇಳಿ ಏಣಿಯವರನ್ನು ಇಳಿಸಿದರು. ಆಮೇಲೆ ಕಾಗದವನ್ನು ಮತ್ತೆ ಮೊದಲಿಂದ ಓದಿದರು.

“ಇಂಗ್ಲೆಂಡಿಗೆ ಯಾಕೆ ಬರೀ ಐದು?”

“ಮೇಡಂ?”

“ದ್ವೀಪ ಕಣ್ರೀ! ಸುತ್ತ ನೀರಿದ್ರೆ ಎಂಥ ರಕ್ಷಣೆ! ನೀರಿನ ಇಲಾಖೆಯಲ್ಲಿದ್ದು ನಿಮಗಿಷ್ಟೂ ಗೊತ್ತಾಗ್ಬೇಡ್ವಾ?” ಅವರು ಕನ್ನಡಕವನ್ನು ಮೇಲೇರಿಸಿದರು. “ಸರಿ. ಏಳು ಚೀಟಿ ಯಾಕೆ ಹಾಳಾಯ್ತು ಅಂತ ವಿವರಣೆ ಬರೆದುಕೊಟ್ಟು ಮನೆಗೆ ಹೋಗಿ. ಚಿಕ್ಕದಾಗಿರಲಿ.”

ಚಿಕ್ಕದಾಗಿ ಬರೆಯುವುದು ಸರಾಸರಿಯವರಿಗೆ ಬರುತ್ತಿರಲಿಲ್ಲ. ಮೊದಲ ವಿವರಣೆ ನಾಲ್ಕು ಪುಟವಾಗಿ ವಾಪಸು ಬಂತು. ಎರಡನೆಯದು ಎರಡೂವರೆ ಪುಟವಾಗಿ ವಾಪಸು ಬಂತು. ಮೂರನೆಯದನ್ನು ಹಿಡಿದು ಮುಖ್ಯಸ್ಥೆಯ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಾಗ ಐದು ಗಂಟೆ. ಹೋಗಿ ಬರುವವರೆಲ್ಲ “ಪೋರ್ಚುಗಲ್ ಹೇಗಿದೆ ಸಾರ್?” ಎಂದು ವಿಚಾರಿಸುತ್ತಿದ್ದರು. ಫೋನು ಬಡಿಯಿತು.

“ಸ್ವಾಮಿ, ಹೊರಡೋ ಹೊತ್ತಾಯ್ತು, ನಂಗೊಂದು ದೇಶ ಹೇಳಿ,” ಎಂದರು ಗಾರ್ಡ್. “ಎಲ್ಲಾ ಅಳೆದು ತೂಗಿರ್ತೀರ ನೀವು. ಪಾಪ, ಮಗು ಕರೆದಿದೆ. ಅದರ ಎದುರಿಗೆ ಮರ್ಯಾದೆ ಉಳಿಬೇಕು ನೋಡಿ.”

ಸರಾಸರಿಯವರು ಕೆಟ್ಟವರಲ್ಲ. ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ವಾಪಸು ಮಾಡುವವರು, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡುವವರು. ಆದರೆ ಅವರ ಕಣ್ಣ ಮುಂದೆ ಮೆಟ್ಟಿಲು ಬಂತು. ಮೆಟ್ಟಿಲ ಮೇಲೆ ನಗುತ್ತ ನಿಂತ ಮಗಳು ಬಂದಳು. ಇಪ್ಪತ್ತೆರಡು ನಿಮಿಷವೂ ಒಂದೊಂದಾಗಿ ಬಂದವು. ಈ ಮನುಷ್ಯ ಇವತ್ತೂ ಗೆದ್ದರೆ?

“ಬೈಜಾಂಟಿಯಂ ತಗೊಳ್ಳಿ ಸಾರ್,” ಎಂದು ಅವರ ಬಾಯಿ ಹೇಳಿತು.

“ಹೆಸರು ಕೇಳಿಲ್ವಲ್ಲ. ಚೆನ್ನಾಗಿದೆಯಾ?”

“ಒಂದೇ ಊರು ಸಾರ್. ಗಟ್ಟಿ ಗೋಡೆ. ನೋಡ್ಕೊಳ್ಳೋದು ಸುಲಭ.”

“ಆಹಾ! ನನ್ನ ವಯಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ. ದೊಡ್ಡ ಉಪಕಾರ ಆಯ್ತು ಸ್ವಾಮಿ.”

ಫೋನಿಟ್ಟ ಮೇಲೆ ಸರಾಸರಿಯವರು ತಮ್ಮ ಮನಸ್ಸಾಕ್ಷಿಯನ್ನು ಪರೀಕ್ಷಿಸಿಕೊಂಡರು. ಸ್ವಲ್ಪ ಚುಚ್ಚಿತು. ಇನ್ನೊಮ್ಮೆ ನೋಡಿದರು; ಕಡಿಮೆಯಾಗಿತ್ತು. ಮೂರನೆಯ ಸಲಕ್ಕೆ ಏನೂ ಕಾಣಲಿಲ್ಲ.

ಮನೆ ತಲುಪಿದಾಗ ಆರಕ್ಕೆ ಐದು ನಿಮಿಷ. ಊಟದ ಮೇಜಿನ ಮೇಲೆ ಭೂಪಟ ಹಾಸಿತ್ತು. ಮರದ ಸಣ್ಣ ಸೈನಿಕರು, ಹಡಗುಗಳು, ಕೋಟೆಗಳು ಬಣ್ಣಬಣ್ಣವಾಗಿ ಗುಂಪುಗೂಡಿದ್ದವು. ಮಗಳ ಪಕ್ಕದಲ್ಲಿ ಅವಳ ಇಬ್ಬರು ಗೆಳತಿಯರು: ಒಬ್ಬಳು ಹಲ್ಲಿಗೆ ತಂತಿ ಹಾಕಿಕೊಂಡವಳು, ಇನ್ನೊಬ್ಬಳು ಉದ್ದ ಜಡೆಯವಳು. ಗಾರ್ಡ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಗಲೇ ಕೂತಿದ್ದರು.

“ರೀ, ಕೈಕಾಲು ತೊಳ್ಕೊಂಡು ದೇಶ ಆಳಿ,” ಎಂದರು ಹೆಂಡತಿ, ಬಿಸ್ಕತ್ತಿನ ತಟ್ಟೆಯನ್ನು ಸಮುದ್ರದ ನಡುವೆ ಇಡುತ್ತ.

ಚೀಟಿಗಳು ಬಿಚ್ಚಿಕೊಂಡವು. ತಂತಿ ಹುಡುಗಿ ಕ್ಯಾಸ್ಟೈಲ್. ಜಡೆ ಹುಡುಗಿ ಆಟೊಮನ್. ಮಗಳು ವೆನಿಸ್. ಸರಾಸರಿಯವರು ತಮ್ಮ ಚೀಟಿಯನ್ನು ನಿಧಾನವಾಗಿ, ಬೆಲೆಬಾಳುವ ವಸ್ತುವಿನಂತೆ ಬಿಚ್ಚಿದರು.

“ಪೋರ್ಚುಗಲ್! ಅಪ್ಪ, ಸೂಪರ್!” ಮಗಳು ಗಾರ್ಡ್ ಕಡೆ ಒಮ್ಮೆ ನೋಡಿ ಚಪ್ಪಾಳೆ ತಟ್ಟಿದಳು. “ಹೊಸಬರಿಗೆ ಇದಕ್ಕಿಂತ ಒಳ್ಳೇ ದೇಶ ಇಲ್ಲ. ನೀನೇ ಆರಿಸಿದ್ಯಾ?”

ಸರಾಸರಿಯವರ ಎದೆ ಒಂದು ಅಂಗುಲ ಹಿಗ್ಗಿತು. ಇಡೀ ದಿನದ ಅವಮಾನ, ಬೆಂಚು, ಏಣಿ, ಎರಡೂವರೆ ಪುಟ, ಎಲ್ಲ ಕರಗಿಹೋಯಿತು.

ಆಮೇಲೆ ಗಾರ್ಡ್ ತಮ್ಮ ಚೀಟಿ ಬಿಚ್ಚಿದರು.

“ಅಯ್ಯೋ ಅಂಕಲ್!” ಮೂವರು ಹುಡುಗಿಯರೂ ಒಟ್ಟಿಗೆ ಕೂಗಿದರು. ಮಗಳು ಹಣೆ ಚಚ್ಚಿಕೊಂಡಳು. “ಬೈಜಾಂಟಿಯಮ್ಮಾ? ಯಾರಾದ್ರೂ ತಗೋತಾರಾ? ಮೊದಲ್ನೇ ಸುತ್ತಲ್ಲೇ ಇವಳು ನಿಮ್ಮನ್ನ ನುಂಗಿಬಿಡ್ತಾಳೆ!”

“ಹೌದಾ? ಒಂದೇ ಊರು, ಸುಲಭ ಅಂತಂದ್ರಲ್ಲ…” ಗಾರ್ಡ್ ಸರಾಸರಿಯವರ ಕಡೆ ನೋಡಿದರು. ಸರಾಸರಿಯವರು ಬಿಸ್ಕತ್ತಿನ ಕಡೆ ನೋಡಿದರು.

“ಅಂಕಲ್ ಸೋತ್ರೆ ನಾವು ನಾಲ್ಕೇ ಜನ, ಮೇಜೇ ಹೋಯ್ತು,” ಎಂದಳು ಮಗಳು. “ಜರುಗಿ ಅಂಕಲ್.” ಅಪ್ಪನ ಪಕ್ಕದಲ್ಲಿದ್ದ ತನ್ನ ಕುರ್ಚಿಯನ್ನು ಎಳೆದುಕೊಂಡು ಮೇಜು ಸುತ್ತಿ ಹೋಗಿ ಗಾರ್ಡ್ ಪಕ್ಕದಲ್ಲಿ ಕೂತಳು. “ನನ್ನ ಹಡಗುಗಳು ನಿಮ್ಮ ಸಮುದ್ರದಲ್ಲೇ ಇವೆ. ನಾನು ಹೇಳಿದ ಹಾಗೆ ಮಾಡಿ.”

ಆಟ ಶುರುವಾಯಿತು.

ಸರಾಸರಿಯವರು ಆರಿಸಿದ ದೇಶ ನಿಜಕ್ಕೂ ಅತ್ಯುತ್ತಮವಾಗಿತ್ತು. ಅಲ್ಲಿ ಏನೂ ಆಗುತ್ತಿರಲಿಲ್ಲ. ಅವರ ಸರದಿ ಬಂದಾಗ ಒಂದು ಹಡಗನ್ನು ಪಶ್ಚಿಮಕ್ಕೆ ಸರಿಸಬೇಕು, ಮೀನಿನ ಆದಾಯ ತೆಗೆದುಕೊಳ್ಳಬೇಕು, ಮುಗಿಯಿತು. “ಆಯ್ತಾ ಅಪ್ಪ? ಮುಂದೆ,” ಎನ್ನುತ್ತಿದ್ದಳು ಮಗಳು, ತಲೆಯೆತ್ತದೆ.

ಆ ತುದಿಯಲ್ಲಿ ಜೀವನ ಉಕ್ಕಿ ಹರಿಯುತ್ತಿತ್ತು. “ಅಂಕಲ್, ಗೋಡೆ ಬಿಟ್ಟು ಆಚೆ ಹೋಗ್ಬೇಡಿ!” “ಅಂಕಲ್, ಆ ಸೈನಿಕನ್ನ ಯಾಕೆ ನೀರಿಗಿಳಿಸಿದ್ರಿ?” “ಈಜ್ತಾನೆ ಬಿಡಮ್ಮ, ನಮ್ಮ ಹುಡುಗ.” ಬಾಗಿಲಿಗೆ ಆಟೊಮನ್ ಬಂದಾಗ ಗಾರ್ಡ್ ಮೈಕಿನವಳ ದನಿಯಲ್ಲಿ, “ಪ್ರಯಾಣಿಕರ ಗಮನಕ್ಕೆ, ಈ ಕೋಟೆಗೆ ಬರಬೇಕಾದ ಶತ್ರುಗಳು ಎರಡು ಸುತ್ತು ತಡವಾಗಿ ಬರಲಿದ್ದಾರೆ,” ಎಂದು ಘೋಷಿಸಿದರು. ಮಗಳು ನಗು ತಡೆಯಲಾರದೆ ಅವರ ತೋಳಿಗೆ ಹಣೆ ಇಟ್ಟಳು. ದಾಳಿ ಮಾಡಬೇಕಾದ ಜಡೆ ಹುಡುಗಿಯೂ ನಕ್ಕು ಕೈಯಲ್ಲಿದ್ದ ಸೈನಿಕನನ್ನು ಬೀಳಿಸಿದಳು.

ಸರಾಸರಿಯವರು ಎಣಿಸಲು ಹೊರಟರು, ಬೇರೆ ಕೆಲಸವಿರಲಿಲ್ಲ. ಹತ್ತು ನಿಮಿಷದಲ್ಲಿ ಮಗಳು ಗಾರ್ಡಿಗೆ ಆಡಿದ ಮಾತು ನೂರ ಮೂವತ್ತು. ತಮಗೆ ಆಡಿದ್ದು ಆರು. ಇನ್ನೂ ಎರಡು ಸಲ ಎಣಿಸಿ ಸರಾಸರಿ ತೆಗೆಯಬಹುದಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವರಿಗೆ ಒಂದೇ ಅಳತೆ ಸಾಕೆನ್ನಿಸಿತು.

ಹೊಸಬರಿಗೆ ಯೋಗ್ಯವಾದ ದೇಶ ಎಂದರೆ ಯಾರೂ ಬಂದು ಮಾತಾಡಿಸಬೇಕಾಗಿಲ್ಲದ ದೇಶ ಎಂದು ಅವರಿಗೆ ಆಗ ಅರ್ಥವಾಯಿತು.

ಉಪಾಯ ಒಂದೇ ಉಳಿದಿತ್ತು: ತೊಂದರೆಗೆ ಸಿಕ್ಕಿಕೊಳ್ಳುವುದು. ಏಳೂವರೆಗೆ ಸರಾಸರಿಯವರು ಕಣ್ಣು ಮುಚ್ಚಿ, ತಮ್ಮ ಹನ್ನೆರಡು ಸಾವಿರ ಸೈನಿಕರನ್ನೂ ತಮಗಿಂತ ಮೂರು ಪಟ್ಟು ದೊಡ್ಡದಾದ ಕ್ಯಾಸ್ಟೈಲಿನ ಒಳಕ್ಕೆ ನೂಕಿದರು. ಇಂಥ ಹುಚ್ಚುತನವನ್ನು ನಿಯಮಗಳ ಪುಸ್ತಕದ ಎಂಬತ್ತನಾಲ್ಕು ಪುಟಗಳಲ್ಲಿ ಎಲ್ಲೂ ಶಿಫಾರಸು ಮಾಡಿರಲಿಲ್ಲ. ಈಗ ಸೋಲುತ್ತೇನೆ, ಈಗ ಅವಳು ‘ಅಯ್ಯೋ ಅಪ್ಪ’ ಎಂದು ಓಡಿ ಬರುತ್ತಾಳೆ.

ತಂತಿ ಹುಡುಗಿ ಬೆಚ್ಚಿಬಿದ್ದಳು. ಅವಳೂ ಹೊಸಬಳೇ. “ಅಂಕಲ್, ಪ್ಲೀಸ್, ನನ್ನ ಸೈನ್ಯ ಎಲ್ಲಾ ಆ ಕಡೆ ಇದೆ. ಯುದ್ಧ ಬೇಡ. ಈ ಎರಡು ಪ್ರಾಂತ್ಯ ತಗೊಂಬಿಡಿ,” ಎಂದು ಅವಳೇ ತನ್ನ ಕೋಟೆಗಳನ್ನು ಎತ್ತಿ ಅವರ ಮುಂದಿಟ್ಟಳು.

“ಬೇಡಮ್ಮ, ಹೊಡಿ ನನ್ನ,” ಎಂದರು ಸರಾಸರಿಯವರು ಆರ್ತರಾಗಿ.

“ಇಲ್ಲ ಅಂಕಲ್, ನಂಗೆ ಭಯ ಆಗುತ್ತೆ.”

“ಆಯ್ತಾ ಅಪ್ಪ? ಮುಂದೆ,” ಎಂದಳು ಮಗಳು.

ಎಂಟೂವರೆಗೆ ಗಡಿಯಾರ ನೋಡಿ ಆಟ ನಿಲ್ಲಿಸಿದರು. ಬೈಜಾಂಟಿಯಂ ಬಿದ್ದಿರಲಿಲ್ಲ. ಒಂದು ಗೋಡೆ, ಇಬ್ಬರು ಸೈನಿಕರು, ಸುತ್ತ ಮಗಳ ಏಳು ಹಡಗು. ಗಾರ್ಡ್ ಎದ್ದು ನಿಂತು ಹಸಿರು ಕರವಸ್ತ್ರ ಬೀಸಿದರು. ಮೂವರು ಹುಡುಗಿಯರೂ ಕುಣಿದರು. ಮೇಜು ಉಳಿಯಿತು ಎಂದು ಮಗಳ ಕಣ್ಣು ಹೊಳೆಯುತ್ತಿತ್ತು. ಅಂಕ ಕೂಡಿಸಿ ನೋಡಿದಾಗ ಅವಳು ಮೊದಲ ಬಾರಿಗೆ ಅಪ್ಪನ ಕಡೆ ಪೂರ್ತಿ ತಿರುಗಿದಳು.

“ಅಪ್ಪ! ನೀನೇ ಫಸ್ಟು! ಎರಡನೆಯವರಿಗಿಂತ ಡಬಲ್!”

“ಹೌದಾ?” ಸರಾಸರಿಯವರು ಆಸೆಯಿಂದ ಕೇಳಿದರು. “ಹೋಗ್ಲಿ ಬಿಡು. ಮುಂದಿನ ಶುಕ್ರವಾರ ನಾನು ಬೇರೆ ದೇಶ ತಗೋತೀನಿ. ತುಂಬಾ ಕಷ್ಟದ್ದು. ಯಾವಾಗಲೂ ಯಾರಾದ್ರೂ ಸಹಾಯ ಮಾಡ್ತಾನೇ ಇರ್ಬೇಕು, ಅಂಥದ್ದು.”

“ಮುಂದಿನ ಶುಕ್ರವಾರ ನೀನು ಇಲ್ಲಿರಲ್ಲಪ್ಪ!” ಮಗಳು ಹೆಮ್ಮೆಯಿಂದ ಅವರ ಕೈ ಕುಲುಕಿದಳು. “ಇಲ್ಲಿ ಗೆದ್ದವರು ಮತ್ತೆ ಹೊಸಬರ ಮೇಜಲ್ಲಿ ಕೂರೋ ಹಾಗಿಲ್ಲ. ಕ್ಲಬ್ಬಿನ ನಿಯಮ. ನೀನು ದೊಡ್ಡ ಮೇಜಿಗೆ ಹೋಗ್ಬೇಕು, ನಮ್ಮ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್ ಮನೇಲಿ. ಅಲ್ಲಿ ನಾಲ್ಕು ಗಂಟೆ ಯಾರೂ ಒಂದು ಮಾತೂ ಆಡಲ್ಲ. ನಿಂಗೆ ತುಂಬಾ ಇಷ್ಟ ಆಗುತ್ತೆ.”

ಗೆಳತಿಯರನ್ನು ಬಸ್ಸಿಗೆ ಬಿಡಲು ಮಗಳು ಹೋದಳು. ಸರಾಸರಿಯವರು ಗಾರ್ಡನ್ನು ಬಾಗಿಲವರೆಗೆ ಕಳಿಸಲು ಬಂದರು. ಗಾರ್ಡ್ ಮೆಟ್ಟಿಲ ಮೇಲೆ ನಿಂತು ಅವರ ಎರಡೂ ಕೈಗಳನ್ನು ಹಿಡಿದುಕೊಂಡರು. ದನಿಯಲ್ಲಿ ಈಗ ಇಂಜಿನ್ನೂ ಇರಲಿಲ್ಲ, ಮೈಕೂ ಇರಲಿಲ್ಲ.

“ನಿಮ್ಮ ಋಣ ತೀರಿಸೋಕಾಗಲ್ಲ ಸ್ವಾಮಿ. ನಿವೃತ್ತಿ ಆದ ಮೇಲೆ ಇಷ್ಟು ಒಳ್ಳೇ ಸಾಯಂಕಾಲ ನಾನು ಕಂಡಿಲ್ಲ. ಮಗು ಮುಂದಿನ ವಾರಾನೂ ಬಾ ಅಂದಿದೆ, ಅದೇ ದೇಶ, ಅದೇ ಕುರ್ಚಿ. ನಿಜ ಹೇಳ್ಬೇಕು ಅಂದ್ರೆ ನಾನು ಬೆಳಿಗ್ಗೇನೇ ಒಂದು ದೇಶ ಬರೆದು ಜೇಬಲ್ಲಿಟ್ಕೊಂಡಿದ್ದೆ. ಅಂಕಲ್ ಚೆನ್ನಾಗಿ ಆಡ್ಲಿ ಅಂತ ಮಗೂನೇ ಮೆಟ್ಟಿಲ ಮೇಲೆ ಗುಟ್ಟಾಗಿ ಹೇಳಿಕೊಟ್ಟಿತ್ತು. ನೀವು ಫೋನಲ್ಲಿ ಹೇಳಿದ ಮೇಲೆ ಆ ಚೀಟಿ ಹರಿದು ಹಾಕ್ದೆ.”

“ಯಾವ ದೇಶ?” ಎಂದರು ಸರಾಸರಿಯವರು, ಉತ್ತರ ಗೊತ್ತಿದ್ದೂ.

“ಅದೇ ಸ್ವಾಮಿ, ನಿಮ್ಮದು. ಪೋರ್ಚುಗಲ್.”